ಸೆಕೆಂಡ್ ಹಾಫಿನ ಆಚಾರ್ರು

ಥಿಯೇಟರಿನಲ್ಲಿ ಇಂಟರ್ವಲ್ ಮುಗಿದು ಕಾಲು ಗಂಟೆಯಾದ ಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊದಲು ಬಲಗಾಲು ಅಲುಗಾಡತೊಡಗುತ್ತದೆ, ಮುಂದಿನ ಸೀಟಿನವರು ಒಮ್ಮೆ ತಿರುಗಿ ನೋಡುತ್ತಾರೆ, ಆಮೇಲೆ ನಾನು ಎದ್ದು ಬಾಗಿಲ ಪರದೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ಸ್ವಲ್ಪ ಹೊತ್ತು ನೋಡುತ್ತೇನೆ. ಆಚೆ ಬಂದು ಮುಂದೆ ಬರುವ ಚಿತ್ರಗಳ ಪೋಸ್ಟರು ಓದುತ್ತೇನೆ. ನೀರು ಕುಡಿದು ಮತ್ತೆ ಒಳಗೆ ಹೋಗುತ್ತೇನೆ. ಅಷ್ಟರಲ್ಲಿ ಯಾರೋ ಸತ್ತಿರುತ್ತಾರೆ. ಯಾಕೆ ಸತ್ತರು ಎಂದು ಪಕ್ಕದವರನ್ನು ಕೇಳುವುದಿಲ್ಲ, ಊಹಿಸಿಕೊಳ್ಳುತ್ತೇನೆ. ಹೀಗೆ ಮುಕ್ಕಾಲು ನೋಡಿ ಕಾಲು ಊಹಿಸಿಕೊಂಡ ಸಿನಿಮಾಗಳ ಬಗ್ಗೆ ನನಗಿರುವಷ್ಟು ಖಚಿತವಾದ ಅಭಿಪ್ರಾಯ ಪೂರ್ತಿ ನೋಡಿದವರಿಗೂ ಇರುವುದಿಲ್ಲ.

ಪಾಂಡವಪುರದ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಹೇಳಿಕೊಡುತ್ತೇನೆ. ಮೈಸೂರಿನಲ್ಲಿ ಎಂ.ಎ. ಓದುವಾಗ ನಮಗೆ ಮೊದಲು ಕಲಿಸಿದ್ದು ಅನುಮಾನಿಸುವುದನ್ನು. ಹೇಳಿದವನು ಯಾರು, ಆಗ ಅವನು ಎಲ್ಲಿದ್ದ, ಕಣ್ಣಾರೆ ಕಂಡನೋ ಇನ್ನೊಬ್ಬರಿಂದ ಕೇಳಿ ಬರೆದನೋ. ಪ್ರತಿ ವರ್ಷ ಹೊಸ ಮಕ್ಕಳಿಗೆ ಇದನ್ನೇ ಒಪ್ಪಿಸುತ್ತೇನೆ. ಶಾಸನಗಳಿಗೆ ಈ ಪ್ರಶ್ನೆ ಹಾಕಿದ್ದೇನೆ, ಊರಿನ ಹಿರಿಯರ ಕಥೆಗಳಿಗೆ ಹಾಕಿ ಅವರಿಂದ ಬೈಸಿಕೊಂಡಿದ್ದೇನೆ. ನನ್ನ ಮಾತಿಗೆ ನಾನೇ ಹಾಕಿಕೊಂಡದ್ದು ತೀರ ಈಚೆಗೆ, ಅದೂ ಒಬ್ಬ ಮರಗೆಲಸದ ಆಚಾರ್ರಿಂದಾಗಿ.

ಶುಕ್ರವಾರ ಮಧ್ಯಾಹ್ನ ನನಗೆ ತರಗತಿ ಇಲ್ಲ. ಬೆಳಗೊಳದ ಗೆಳೆಯನೊಬ್ಬ ಬೆಳಗಿನ ಹಾಲು ಡೇರಿಗೆ ಹಾಕಿ, ಹಸುಗಳಿಗೆ ಮೇವು ತುಂಬಿ, ಬೈಕು ತೆಗೆದುಕೊಂಡು ಬರುತ್ತಾನೆ. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದವನು. ಓದನ್ನು ಅರ್ಧಕ್ಕೆ ಬಿಟ್ಟ, ಸಿನಿಮಾ ಬಿಡಲಿಲ್ಲ. ಹೊಸ ಚಿತ್ರ ಶ್ರೀರಂಗಪಟ್ಟಣಕ್ಕೆ ಬಂದಿದ್ದರೆ ಶ್ರೀರಂಗಪಟ್ಟಣಕ್ಕೆ, ಕೆ.ಆರ್. ಪೇಟೆಗೆ ಬಂದಿದ್ದರೆ ಕೆ.ಆರ್. ಪೇಟೆಗೆ, ಎಲ್ಲೂ ಬರದಿದ್ದರೆ ನಾಗಮಂಗಲದವರೆಗೂ ಹೋಗುತ್ತೇವೆ. ಮ್ಯಾಟಿನಿ ಬಿಟ್ಟ ಕೂಡಲೇ ಓಡಬೇಕು, ಸಂಜೆ ಹಾಲು ಕರೆಯುವ ಹೊತ್ತಿಗೆ ಅವನು ಊರು ಸೇರಬೇಕು. ಅದಕ್ಕೇ ನಮ್ಮ ವಿಮರ್ಶೆಯೆಲ್ಲ ಬೈಕಿನ ಮೇಲೆ. ನಾನು ಹಿಂದೆ ಕೂತು ಅವನ ಹೆಲ್ಮೆಟ್ಟಿಗೆ ಕೂಗುತ್ತೇನೆ, ಅವನು ಗಾಳಿಗೆ ಉತ್ತರ ಕೊಡುತ್ತಾನೆ. ಇಬ್ಬರಿಗೂ ಅರ್ಧರ್ಧ ಕೇಳಿಸುತ್ತದೆ. ಸೆಕೆಂಡ್ ಹಾಫಿನಲ್ಲಿ ನಾನು ಓಡಾಡುತ್ತಿರುತ್ತೇನೆ, ಅವನು ನಿದ್ದೆ ಮಾಡುತ್ತಿರುತ್ತಾನೆ. ಬೆಳಗಿನ ಜಾವ ಎದ್ದವನು, ತಪ್ಪೆನ್ನಲಾಗದು.

ಈ ವರ್ಷ ನೋಡಿದವುಗಳಲ್ಲಿ ಒಂದರಲ್ಲಿ ಹೀರೋ ಕಾರಿನಿಂದ ಇಳಿದು ಬಾಗಿಲು ಮುಚ್ಚುವಷ್ಟರಲ್ಲಿ ನಾನು ಒಂದು ಪ್ಯಾಕೆಟ್ ಕಡಲೆಕಾಯಿ ಮುಗಿಸಿದ್ದೆ. ಇನ್ನೊಂದು ಬೇರೆ ಭಾಷೆಯಿಂದ ಬಂದದ್ದು, ಬಾಯಿ ಮುಚ್ಚಿದ ಮೇಲೂ ಕನ್ನಡ ಬರುತ್ತಿತ್ತು. ಮತ್ತೊಂದರಲ್ಲಿ ನಮ್ಮ ಕಡೆಯ ರೈತನ ಪಾತ್ರ. ಮಾಡಿದವನು ಯಾವ ಕಡೆಯವನೋ, ಪ್ರತಿ ಮಾತಿನ ಕೊನೆಗೂ 'ಕಣ್ಲಾ' ಎನ್ನುತ್ತಿದ್ದ, ಹೆತ್ತ ತಾಯಿಗೂ ಬಿಡಲಿಲ್ಲ. "ನಾನು ನಮ್ಮವ್ವಂಗೆ ಅಂಗಂದಿದ್ರೆ ಪರಕೆ ತಕ್ಕತಿದ್ಲು," ಎಂದು ಗೆಳೆಯ ಎಷ್ಟು ಜೋರಾಗಿ ಹೇಳಿದನೆಂದರೆ ಹಿಂದಿನ ಸಾಲಿನವರು ನಕ್ಕರು. ದೆವ್ವದ ಚಿತ್ರವೊಂದು ಪರವಾಗಿರಲಿಲ್ಲ, ದೆವ್ವ ಮಾತಾಡುವವರೆಗೆ.

ನಾನು ಹೇಳಹೊರಟ ಚಿತ್ರ ಇವುಗಳಿಗಿಂತ ಸಾಧಾರಣವಾದದ್ದು. ಬಿದ್ದುಹೋದ ಮನೆಯೊಂದನ್ನು ಒಬ್ಬ ಮತ್ತೆ ಕಟ್ಟಿಸುವ ಕಥೆ. ಮೊದಲರ್ಧ ದಾಯಾದಿ ಜಗಳ, ಎರಡನೆಯ ಅರ್ಧ ಮನೆ ಏಳುವುದು. ಅರ್ಧ ಚಿತ್ರ ಮೇಲುಕೋಟೆಯಲ್ಲಿ ತೆಗೆದದ್ದು. ಕೆ.ಆರ್. ಪೇಟೆಯಲ್ಲಿ ಬಿಡುಗಡೆಯ ದಿನವೇ ನೋಡಿದೆವು. ನಮ್ಮ ಕಡೆಯ ಜನ ಮೇಲುಕೋಟೆಯಲ್ಲಿ ತೆಗೆದ ಚಿತ್ರದ ಕಥೆ ನೋಡುವುದಿಲ್ಲ, ಜಾಗ ನೋಡುತ್ತಾರೆ. "ಅಗೋ ಕಲ್ಯಾಣಿ", "ಇದು ನಮ್ ಬಾವನ ಮನೆ ಮಗ್ಗುಲು" ಎಂಬ ಮಾತಿನ ನಡುವೆ ಮೊದಲರ್ಧ ಮುಗಿಯಿತು. ಎರಡನೆಯ ಅರ್ಧದಲ್ಲಿ ನನ್ನ ಕಾಲು ಎಂದಿನಂತೆ ಶುರುಮಾಡಿತು. ಎದ್ದೆ, ನಿಂತೆ, ಹೋದೆ, ಬಂದೆ. ದಾರಿಯಲ್ಲಿ ಹೆಲ್ಮೆಟ್ಟಿಗೆ ಏನೇನೋ ಕೂಗಿದೆ. ಮನೆಗೆ ಬಂದು ಮರೆತೆ.

ಆರನೆಯ ದಿನವೋ ಏಳನೆಯ ದಿನವೋ, ವಾರ ನನಗೆ ಸರಿಯಾಗಿ ನೆನಪಿಲ್ಲ, ನಮ್ಮ ಮನೆಯ ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತದೆಂದು ಆಚಾರ್ರನ್ನು ಕರೆಸಿದ್ದೆ. ಪಾಂಡವಪುರದಲ್ಲೇ ಅವರ ಅಂಗಡಿ. ನನ್ನ ವಯಸ್ಸಿನವರು, ಹೆಚ್ಚು ಮಾತಿಲ್ಲ, ಕೆಲಸ ಮುಗಿಸಿ ಕಾಫಿ ಕುಡಿದು ಹೊರಡುವವರು. ಆವತ್ತು ಲೋಟ ಕೆಳಗಿಟ್ಟ ಮೇಲೂ ಕೂತೇ ಇದ್ದರು.

"ಮೇಷ್ಟ್ರೆ, ನೀವು ಎಲ್ಲಾ ಪಿಚ್ಚರೂ ನೋಡ್ತೀರಂತಲ್ಲ. ಆ ಮನೆ ಕಟ್ಸೋ ಪಿಚ್ಚರ್ ನೋಡುದ್ರಾ?"

"ನೋಡ್ದೆ."

"ಪೂರ್ತಿ?"

"ಹೂಂ, ಪೂರ್ತಿ."

ಅವರು ಬಾಗಿಲ ಕಡೆ ನೋಡಿಕೊಂಡು ಹೇಳಿದರು. ಮೇಲುಕೋಟೆಗೆ ಶೂಟಿಂಗಿನವರು ಬಂದಾಗ ಮನೆಯ ಸೆಟ್ಟಿನ ಮರಗೆಲಸಕ್ಕೆ ಇವರನ್ನು ಕರೆದಿದ್ದರು. ಕೆಲಸ ಮಾಡುವುದನ್ನು ನೋಡಿದ ನಿರ್ದೇಶಕರು ಕ್ಯಾಮೆರಾದ ಮುಂದೆಯೇ ಕೂರಿಸಿ ಬಾಗಿಲ ಚೌಕಟ್ಟಿಗೆ ಉಳಿ ಹೊಡೆಸಿದರಂತೆ. ಒಂದಿಡೀ ಬೆಳಿಗ್ಗೆ. ಇಂಟರ್ವಲ್ ಆದ ಮೇಲೆ ಬರುತ್ತದೆ ಅಂದಿದ್ದರಂತೆ. ಆದರೆ ತೆಗೆದದ್ದೆಲ್ಲ ಬರುವುದಿಲ್ಲ ಎಂದೂ ಯಾರೋ ಹೇಳಿದ್ದರು. ಅದಕ್ಕೇ ಮನೆಯ ಹೊರಗೆ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹೋಗಿ ನೋಡಲು ಧೈರ್ಯವಿರಲಿಲ್ಲ.

"ಐತಾ ಮೇಷ್ಟ್ರೆ? ಇದ್ರೆ ನಮ್ಮಪ್ಪನ್ನ ಕರ್ಕೊಂಡೋಗ್ತೀನಿ."

ನನ್ನ ಕಣ್ಣ ಮುಂದೆ ಎರಡು ಕೈ ಬಂದವು. ಉಳಿ, ಅದನ್ನು ಹೊಡೆಯುವ ಕೊಡತಿ, ಕೆಳಗೆ ಬೀಳುತ್ತಿದ್ದ ಮರದ ಚಕ್ಕೆ. ಅದು ಪರದೆಯ ಮೇಲೆ ಕಂಡದ್ದೋ, ಅವರು ಈಗಷ್ಟೇ ಹೇಳಿದ್ದರಿಂದ ಕಟ್ಟಿಕೊಂಡದ್ದೋ, ಆಗ ಕೇಳಿಕೊಳ್ಳಲಿಲ್ಲ. "ಇದೆ. ಚೆನ್ನಾಗಿ ಬಂದಿದೆ," ಎಂದೆ. ಸಿನಿಮಾದ ಬಗ್ಗೆ ಕೇಳಿದರೆ ನನ್ನ ಬಾಯಲ್ಲಿ ಬರುವ ಮಾತೇ ಅದು, ಇಲ್ಲವೇ ಅದರ ಉಲ್ಟಾ.

ಅವರ ಅಪ್ಪನ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಮುಂದಿನ ಸೋಮವಾರ ಕಾಲೇಜಿನ ಗೇಟಿನ ಹತ್ತಿರ ಆಚಾರ್ರು ನನಗಾಗಿ ಕಾಯುತ್ತಿದ್ದಾಗ ಗೊತ್ತಾಯಿತು.

ಶೂಟಿಂಗಿಗೆ ಹೋದ ದಿನಗಳಲ್ಲೇ ಅವರ ಊರಿನಲ್ಲಿ ಒಬ್ಬರ ಹೊಸ ಮನೆಗೆ ಬಾಗಿಲು ನಿಲ್ಲಿಸುವ ಮುಹೂರ್ತವಿತ್ತು. ಬಾಗಿಲ ಚೌಕಟ್ಟು ಇವರದೇ ಕೆಲಸ, ಒಪ್ಪಿಕೊಂಡಿದ್ದರು. ಮುಹೂರ್ತ ಮೀರುವಂತಿಲ್ಲ. ಮಗ ಬರಲಿಲ್ಲವೆಂದು, ಮಂಡಿ ಮಡಿಸಲಾಗದ ಅಪ್ಪ ನೆಲದ ಮೇಲೆ ಕಾಲು ಚಾಚಿ ಕೂತು, ಎರಡು ದಿನ ಉಳಿ ಹಿಡಿದು ಕೆಲಸ ಮುಗಿಸಿಕೊಟ್ಟಿದ್ದರು. ಅಲ್ಲಿಂದೀಚೆಗೆ ಮಗನ ಹತ್ತಿರ ಅಗತ್ಯವಿದ್ದಷ್ಟೇ ಮಾತು. ಶೂಟಿಂಗಿನವರು ಕೂರಿಸಿಕೊಂಡು ಬಿಡಲಿಲ್ಲ ಎಂದು ಮಗ ಹೇಳಿದ್ದನ್ನು ಅವರು ನಂಬಿರಲಿಲ್ಲ. ಎಲ್ಲೋ ಅಡ್ಡಾಡಿ ಬಂದವನ ಕಥೆ ಎಂದುಕೊಂಡಿದ್ದರು.

ನನ್ನ ಮಾತು ಕೇಳಿ ಆಚಾರ್ರು ಭಾನುವಾರ ಅಪ್ಪನನ್ನೂ ಮನೆಯವರನ್ನೂ ಆಟೋದಲ್ಲಿ ಕೂರಿಸಿಕೊಂಡು ನಾಗಮಂಗಲಕ್ಕೆ ಹೋಗಿದ್ದರು. ಕೆ.ಆರ್. ಪೇಟೆಯಲ್ಲಿ ಚಿತ್ರ ಎತ್ತಿದ್ದರು, ಇನ್ನೂ ಇದ್ದದ್ದು ನಾಗಮಂಗಲದಲ್ಲೇ. ಮುದುಕರು ಥಿಯೇಟರಿನೊಳಗೆ ಕಾಲಿಟ್ಟು ಎಷ್ಟು ಕಾಲವಾಗಿತ್ತೋ. ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕೊನೆಯವರೆಗೂ ನೋಡಿದರಂತೆ. ಮನೆ ಎದ್ದಿತು, ಬಾಗಿಲು ನಿಂತಿತು. ಉಳಿ ಹಿಡಿದವನು ಬರಲೇ ಇಲ್ಲ.

"ದೀಪ ಆಕುದ್ಮೇಲೆ ನಮ್ಮಪ್ಪ ಕೇಳ್ತು, ನೀನೆಲ್ಲಿದ್ದಿಯ್ಲಾ ಅಂತ. ಎಲ್ರ ಮುಂದೆ." ಆಚಾರ್ರು ಗೇಟಿನ ಸರಳನ್ನು ಬೆರಳಿನಿಂದ ಉಜ್ಜುತ್ತಿದ್ದರು. "ಮೇಷ್ಟ್ರೆ, ನೀವು ನೋಡುದ್ರಿ ತಾನೆ?"

"ನೋಡಿದೆ," ಎಂದೆ. ಈ ಸಲ ಆ ಮಾತು ಬಾಯಿಂದ ಬರುವಾಗಲೇ ಟೊಳ್ಳಾಗಿತ್ತು.

"ಅಂಗಾರೆ ಒಂದ್ ದಪ ಬಂದು ನಮ್ಮಪ್ಪಂಗೆ ಯೋಳಿ. ನೀವು ಓದಿದೋರು. ನಿಮ್ಮಾತು ಕೇಳ್ತದೆ."

ಬರುವ ಭಾನುವಾರ ಬರುತ್ತೇನೆ ಎಂದು ಒಪ್ಪಿಕೊಂಡೆ. ಅವತ್ತಿನಿಂದ ನನಗೆ ನೆಮ್ಮದಿಯಾಗಿ ಕೂರಲಾಗಲಿಲ್ಲ, ಥಿಯೇಟರಿನಲ್ಲಿ ಅಲ್ಲ, ಮನೆಯಲ್ಲೇ. ಪಾಠ ಮಾಡುವಾಗ, ಊಟಕ್ಕೆ ಕೂತಾಗ, ಆ ಎರಡು ಕೈಗಳನ್ನು ಮತ್ತೆ ಮತ್ತೆ ಕರೆದು ನೋಡಿದೆ. ಕರೆದಷ್ಟೂ ಸ್ಪಷ್ಟವಾದವು, ಸ್ಪಷ್ಟವಾದಷ್ಟೂ ನಂಬಿಕೆ ಹೋಯಿತು. ಮೊದಲ ದಿನ ಕೈ ಮಾತ್ರ ಇತ್ತು. ಮರುದಿನಕ್ಕೆ ಕಿವಿಯ ಸಂದಿಗೆ ಪೆನ್ಸಿಲ್ಲು ಸೇರಿತು. ಮೂರನೆಯ ದಿನ ಮುಖವೂ ಬಂತು, ಅದು ಆಚಾರ್ರು ನಮ್ಮ ಮನೆಯ ಬಾಗಿಲು ಬಿಚ್ಚುವಾಗಿನ ಮುಖ, ಹಿಂದೆ ನಮ್ಮ ಕ್ಯಾಲೆಂಡರೂ ಕಾಣುತ್ತಿತ್ತು. ನಾನು ನೋಡಿದ್ದರೆ ಅವರೆಂದು ಅಂದೇ ಗುರುತಿಸಬೇಕಿತ್ತಲ್ಲ. ಆ ಹೊತ್ತಿಗೆ ಬಾಗಿಲ ಪರದೆಯ ಹತ್ತಿರ ನಿಂತಿದ್ದೆನೋ, ಆಚೆ ಪೋಸ್ಟರು ಓದುತ್ತಿದ್ದೆನೋ.

ತಡೆಯಲಾರದೆ ಬುಧವಾರ ತರಗತಿ ಬಿಟ್ಟು ಕೆ.ಆರ್. ಪೇಟೆಗೆ ಬಸ್ಸು ಹತ್ತಿದೆ. ಥಿಯೇಟರಿನ ಆಪರೇಟರು ಮೆಟ್ಟಿಲ ಮೇಲೆ ಕೂತು ಮೊಬೈಲು ನೋಡುತ್ತಿದ್ದ.

"ಆ ಪಿಚ್ಚರಾ? ಮೊದಲ್ನೇ ವಾರ ಉದ್ದ ಇತ್ತು ಸಾ. ಜನ ಎಳೀತದೆ ಅಂದ್ರು. ಆಮೇಲೆ ಟ್ರಿಮ್ ಮಾಡಿ ಇನ್ನೊಂದ್ ದಪ ಕಳ್ಸುದ್ರು. ಬೇಗ ಬುಡದು."

"ಯಾವ ಸೀನು ತೆಗೆದರು?"

"ಅದು ನಂಗೆಂಗೊತ್ತಾಯ್ತದೆ ಸಾ. ನಾನು ಪಿಚ್ಚರ್ ಆಕ್ತೀನಿ, ನೋಡಕಿಲ್ಲ."

ಅಲ್ಲಿಗೆ ಅರ್ಧ ಸಿಕ್ಕಿತು. ಏನೋ ತೆಗೆದಿದ್ದಾರೆ ಎಂಬುದು ನಿಜ. ತೆಗೆದದ್ದು ಇದೇನಾ ಎಂಬುದಕ್ಕೆ ಮತ್ತೆ ನಾನೊಬ್ಬನೇ ಸಾಕ್ಷಿ. ಅಂಥ ಸಾಕ್ಷಿಯನ್ನು ನನ್ನ ವಿದ್ಯಾರ್ಥಿಯೊಬ್ಬ ಉತ್ತರ ಪತ್ರಿಕೆಯಲ್ಲಿ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಗೆಳೆಯನನ್ನು ಕೇಳಬೇಕೆಂದು ಅಷ್ಟು ದಿನ ಹೊಳೆಯಲೇ ಇಲ್ಲ. ಗೊರಕೆ ಹೊಡೆದವನನ್ನು ಏನು ಕೇಳುವುದು. ಶುಕ್ರವಾರ ಶ್ರೀರಂಗಪಟ್ಟಣದಲ್ಲಿ ಬೇರೆ ಚಿತ್ರಕ್ಕೆ ಟಿಕೆಟ್ಟು ತೆಗೆದುಕೊಂಡು, ಶೋಗೆ ಮುಂಚೆ ಟೀ ಅಂಗಡಿಯಲ್ಲಿ ನಿಂತಿದ್ದಾಗ, ಮನಸ್ಸು ತಡೆಯದೆ ಎಲ್ಲವನ್ನೂ ಹೇಳಿಕೊಂಡೆ.

ಅವನು ಬನ್ನು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ಲೇ, ನೀನೇ ಯೋಳುದ್ಯಲ್ಲೋ."

"ಏನು?"

"ಅವತ್ತು ಬೈಕಲ್ಲಿ. ನನ್ ಕಿವಿ ತೂತ್ ಬೀಳಂಗೆ. ಯಾವನೋ ಒಬ್ಬ ಉಳಿ ಒಡೀತಾವ್ನೆ ಕಣೋ, ಸದ್ದು ಗರಗಸದ್ದು ಬತ್ತದೆ ಅಂತ. ಕುಯ್ಯೋ ಸದ್ದು. ಇಂಥಾ ದಡ್ರು ಪಿಚ್ಚರ್ ಮಾಡ್ತಾವ್ರೆ ಅಂತ ರೇಗಾಡ್ದೆ."

ನಾನು ಲೋಟ ಕೆಳಗಿಟ್ಟೆ. ನನಗೆ ಅದು ನೆನಪಿರಲಿಲ್ಲ.

"ನಿಜ ಹೇಳ್ತಿದ್ದೀಯಾ?"

"ನಾನ್ಯಾಕ್ಲಾ ಸುಳ್ ಯೋಳ್ಲಿ. ನಂಗೆ ಉಳಿ ಸದ್ದೂ ಗೊತ್ತಿಲ್ಲ, ಗರಗಸದ ಸದ್ದೂ ಗೊತ್ತಿಲ್ಲ. ನಾನು ಹಸ ಕಟ್ಟೋನು." ಮತ್ತೆ ಬನ್ನು ಕಚ್ಚಿ ಹೇಳಿದ. "ಇನ್ನೊಂದೂ ಅಂದೆ. ಆ ಕೆಲ್ಸದೋನ್ ಸೀನು ಸುಮ್ನೆ ದಂಡ, ಅದುನ್ನ ಕತ್ರುಸುದ್ರೆ ಪಿಚ್ಚರ್ ಓಡ್ತದೆ ಅಂದೆ. ಕತ್ರುಸವ್ರೆ ನೋಡು. ನಿನ್ ಮಾತು ಅವರ್ಗೆಂಗೆ ಕೇಳುಸ್ತೋ."

ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಅವತ್ತಿನ ಚಿತ್ರ ಯಾವುದೆಂದು ಈಗ ಕೇಳಿದರೆ ಹೇಳಲಾರೆ. ಮೊದಲರ್ಧದಲ್ಲೇ ಎದ್ದು ಆಚೆ ಬಂದು, ಅವನು ಬರುವವರೆಗೆ ಬೈಕಿನ ಪಕ್ಕ ಅಡ್ಡಾಡಿದೆ. ಆ ದೃಶ್ಯ ಇತ್ತು ಎನ್ನುವುದಕ್ಕೆ ಈಗ ಗಟ್ಟಿಯಾದ ಆಧಾರವಿತ್ತು, ಅದೂ ಮರಗೆಲಸದವನು ತಾನಾಗಿ ಕಟ್ಟಿ ಹೇಳಲಾಗದಂಥ ಆಧಾರ. ಆದರೆ ಅದು ನನ್ನ ನೆನಪಿನಲ್ಲಿರಲಿಲ್ಲ, ಇನ್ನೊಬ್ಬನ ಕಿವಿಯಲ್ಲಿ ಉಳಿದ ನನ್ನ ಕೂಗಾಟವಾಗಿತ್ತು. ಅದನ್ನು ಹೇಳಬೇಕೆಂದರೆ ಅದರ ಬಾಲವನ್ನೂ ಹೇಳಬೇಕೋ ಬೇಡವೋ. ಬಾಲ ಬಿಟ್ಟು ಹೇಳಿದರೆ ನಡೆಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಆಚಾರ್ರ ಜೊತೆ ಹೋದೆ. ಮೇಲುಕೋಟೆಯ ಬೆಟ್ಟ ಕಾಣುವಷ್ಟು ದೂರದ ಹಳ್ಳಿ. ಮನೆಯ ಮುಂದಿನ ಚಪ್ಪರದ ಕೆಳಗೆ ಮುದುಕರು ಕಾಲು ಚಾಚಿ ಕೂತು ಮಂಚದ ಕಾಲೊಂದಕ್ಕೆ ಉಳಿಯಿಂದ ತೂತು ಕೊರೆಯುತ್ತಿದ್ದರು. ನಾನು ಕೂತ ಮೇಲೂ ಕೈ ನಿಲ್ಲಲಿಲ್ಲ.

"ಮೇಷ್ಟ್ರು ಬಂದವ್ರೆ ಕಣಪ್ಪ," ಎಂದರು ಆಚಾರ್ರು.

"ಕಾಣ್ತದೆ." ಇನ್ನೆರಡು ಏಟು ಹೊಡೆದು ಮುದುಕರು ತಲೆ ಎತ್ತಿದರು. "ಇವ್ನು ಪಿಚ್ಚರಲ್ಲಿದ್ದ ಅಂತ ಯೋಳಕೆ ಬಂದಿದೀರಾ?"

"ಹೌದು. ಮೊದಲನೇ ವಾರ ಇತ್ತು. ಆಮೇಲೆ ತೆಗೆದುಬಿಟ್ಟರು."

"ಇವ್ನೂ ಅದ್ನೇ ಅಂತನೆ. ಇವ್ನು ಯೋಳಿಕೊಟ್ಟಿದ್ನ ನೀವು ಒಪ್ಪುಸ್ತಿದೀರೇನೋ." ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರು ಕೇಳಿದ್ದು ನಾನು ತರಗತಿಯಲ್ಲಿ ಕಲಿಸುವ ಪ್ರಶ್ನೆಯೇ ಆಗಿತ್ತು. "ಕೈಲಿ ಏನಿತ್ತು?"

"ಉಳಿ."

"ಯಾವ ಉಳಿ?"

"ಅದು ನನಗೆ ಗೊತ್ತಾಗುವುದಿಲ್ಲ."

"ಎಡಗೈ ಎಲ್ಲಿಟ್ಟಿದ್ದ?"

ಕಣ್ಣು ಮುಚ್ಚಿ ನೋಡಿದೆ. ಎಡಗೈ ಬೇಕಾದಲ್ಲೆಲ್ಲ ಇತ್ತು, ನಾನು ಎಲ್ಲಿಟ್ಟರೆ ಅಲ್ಲಿ. "ನೆನಪಿಲ್ಲ," ಎಂದೆ. ಆಚಾರ್ರು ಚಪ್ಪರದ ಕಂಬ ಹಿಡಿದು ನಿಂತಿದ್ದವರು ಆಚೆ ತಿರುಗಿಕೊಂಡರು. ಮುದುಕರು ಮತ್ತೆ ಕೊಡತಿ ಎತ್ತಿಕೊಂಡರು.

"ಒಂದು ವಿಷಯ," ಎಂದೆ. "ಇವರು ಉಳಿ ಹೊಡೆಯುತ್ತಿದ್ದರು, ಆದರೆ ಸದ್ದು ಗರಗಸದ್ದು ಹಾಕಿದ್ದರು. ಕುಯ್ಯುವ ಸದ್ದು."

ಕೊಡತಿ ಮೇಲೆಯೇ ನಿಂತಿತು. "ಏನಂದ್ರಿ?"

"ಕೈಯಲ್ಲಿ ಉಳಿ. ಕೇಳಿಸಿದ್ದು ಗರಗಸ."

ಮುದುಕರು ಮಗನ ಕಡೆ ನೋಡಿದರು. ಮಗ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಅದು ಅವರಿಗೂ ಹೊಸ ಸುದ್ದಿ ಎಂಬುದು ಆ ಮುಖದಿಂದಲೇ ಗೊತ್ತಾಗುತ್ತಿತ್ತು. ಮುದುಕರ ಭುಜ ಅಲುಗಾಡತೊಡಗಿತು, ಕೆಮ್ಮು ಅಂದುಕೊಂಡೆ, ನಗುತ್ತಿದ್ದರು.

"ಉಳಿ ಒಡುದ್ರೆ ಗರಗಸದ ಸದ್ದಾ. ಥೂ ಅವರ." ಕಣ್ಣೊರೆಸಿಕೊಂಡರು. "ಇದ್ದ ಬುಡು ಅಂಗಾರೆ. ಇದುನ್ನ ಇವ್ನು ಕಟ್ಟಕಾಗಕಿಲ್ಲ, ನಾಚ್ಕೆ ಆಯ್ತದೆ. ನೀವೂ ಕಟ್ಟಕಾಗಕಿಲ್ಲ, ಗೊತ್ತಾಗಕಿಲ್ಲ." ಆಮೇಲೆ ಮಗನಿಗೆ, "ನಿಂತ್ಕಂಡೇ ಇದ್ದಿಯಲ್ಲ, ಕೂತ್ಕಳ್ಲಾ."

ಆಚಾರ್ರು ಅಪ್ಪನ ಪಕ್ಕ ಕೂತರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನಗೆ ಕೂರಲಾಗುತ್ತಿರಲಿಲ್ಲ, ಕಾಲು ಅಲುಗಾಡುತ್ತಿತ್ತು.

"ಆಚಾರ್ರೆ, ಅದು ನನಗೆ ನೆನಪಿದ್ದದ್ದಲ್ಲ. ಅವತ್ತು ಗೆಳೆಯನ ಹತ್ತಿರ ಹೇಳಿದ್ದೆನಂತೆ, ಅವನು ನೆನಪಿಸಿದ. ಇನ್ನೂ ಒಂದು ಹೇಳಿದ್ದೆನಂತೆ. ನೀವೆಂದು ನನಗೆ ಗುರುತು ಸಿಕ್ಕಿರಲಿಲ್ಲ. ಆ ಸೀನು ದಂಡ, ಕತ್ತರಿಸಿದರೆ ಸಿನಿಮಾ ಓಡುತ್ತದೆ ಅಂದಿದ್ದೆ. ನಿಮಗೆ ಮಾತ್ರ ಚೆನ್ನಾಗಿ ಬಂದಿದೆ ಅಂದೆ."

ಆಚಾರ್ರು ಮಂಚದ ಕಾಲನ್ನು ತಿರುಗಿಸಿ ಅಪ್ಪ ಕೊರೆದ ತೂತಿನೊಳಗೆ ಬೆರಳಾಡಿಸಿದರು.

"ಸದ್ದು ಅಂಗಿದ್ರೆ ತೆಗೆದದ್ದೇ ವಾಸಿ ಬುಡಿ," ಎಂದರು. "ನಮ್ ಜನ ನೋಡಿದ್ರೆ ನಗಾಡೋರು." ಮತ್ತೆ, ನನ್ನ ಕಡೆ ನೋಡದೆ, "ಕೈ ಕೆಲ್ಸ ಎಂಗಿತ್ತು ಅಂತ ಅಂದ್ರಾ ಏನಾರ?"

"ಅದೇನೂ ಅಂದಿರಲಿಲ್ಲವಂತೆ."

ಅವರು ತಲೆಯಾಡಿಸಿದರು. ಕಾಫಿ ಬಂತು. ನಾನು ಬೇಗ ಕುಡಿದು ಎದ್ದೆ.

"ಕೂತ್ಕಳಿ ಮೇಷ್ಟ್ರೆ," ಎಂದರು ಮುದುಕರು. "ಪಿಚ್ಚರಲ್ಲಿ ಕೇಳಲಿಲ್ವಲ್ಲ, ಇಲ್ಲಿ ಕೇಳ್ಕಂಡೋಗಿ." ಉಳಿಯನ್ನು ಮಗನ ಕೈಗೆ ಕೊಟ್ಟರು. ಆಚಾರ್ರು ಮಂಚದ ಕಾಲನ್ನು ಎಡಗಾಲಿನ ಕೆಳಗೆ ಅದುಮಿ ಹಿಡಿದು ಹೊಡೆಯತೊಡಗಿದರು. ಗಟ್ಟಿಯಾದ, ಮೊಟಕಾದ ಸದ್ದು, ಪ್ರತಿ ಏಟಿನ ಹಿಂದೆ ಚಕ್ಕೆ ಏಳುವ ಸಣ್ಣ ಸೀಳು. ಮುದುಕರು ಮಗನ ಕೈಯನ್ನೇ ನೋಡುತ್ತಿದ್ದರು. ನಾನು ಕೂತು ಕೇಳಿದೆ. ತೂತು ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಅದಾದ ಮೇಲೆ ಒಂದು ತೊಂದರೆಯಾಗಿದೆ. ಕೆ.ಆರ್. ಪೇಟೆಯ ಆ ದೃಶ್ಯವನ್ನು ಈಗ ನೆನೆಸಿಕೊಂಡರೆ ಗರಗಸದ ಸದ್ದು ಕೇಳಿಸುವುದಿಲ್ಲ. ಚಪ್ಪರದ ಕೆಳಗಿನ ಉಳಿಯ ಸದ್ದೇ ಕೇಳಿಸುತ್ತದೆ, ಕೈಗೆ ಸರಿಯಾಗಿ ಹೊಂದಿಕೊಂಡು. ಆ ಚಿತ್ರದ ಬಗ್ಗೆ ನನ್ನ ಹತ್ತಿರವಿದ್ದ ಒಂದೇ ಒಂದು ಪುರಾವೆಯನ್ನು ನಾನೇ ಕುಳಿತು ಅಳಿಸಿಕೊಂಡು ಬಂದೆ. ನಾಳೆ ಯಾರಾದರೂ ಮತ್ತೆ ಕೇಳಿದರೆ ಗೆಳೆಯನ ಕಡೆಗೆ ಕೈ ತೋರಿಸಬೇಕು, ಅವನು ಆಗ ನಿದ್ದೆಯಲ್ಲಿದ್ದ.